ಬೆನ್ನು ತೋರಿಸದ ಚಂದ್ರ

ಕಾದ ಟೆರೇಸಿಗೆ ಸಂಜೆ ನೀರು ಸುರಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಮದರಾಸಿನ ಬೇಸಿಗೆ ಕಂಡವರು ಅದನ್ನು ಮರೆಯುವುದಿಲ್ಲ. ಧೂಳು, ಸುಣ್ಣ, ಬಿಸಿ ಸಿಮೆಂಟು, ಅದರೊಳಗೆಲ್ಲೋ ಒಂದೆಳೆ ತುಳಸಿ. ಮೊನ್ನೆ ಪೋರೂರಿನ ನಮ್ಮ ಅಪಾರ್ಟ್‌ಮೆಂಟಿನ ಮೇಲೆ ಯಾರೋ ಬಕೆಟ್ ಉರುಳಿಸಿದರು. ಒಂದು ಕ್ಷಣ ನಾನು ವೆಸ್ಟ್ ಮಾಂಬಲಂನ ಹಳೆಯ ಮನೆಯ ಮೇಲೆ ನಿಂತಿದ್ದೆ. ಹಿಂದೆ ಕಮಲಕ್ಕನ ಬರಿಗಾಲು ನೆಲಕ್ಕೆ ಉಜ್ಜುವ ಸದ್ದು.

ಕಮಲಕ್ಕ ನನ್ನ ಒಡಹುಟ್ಟಿದವಳು. ನಾನಿನ್ನೂ ಕಾನ್ವೆಂಟಿನಲ್ಲಿ "ದಿ ಮೂನ್ ಹ್ಯಾಸ್ ನೋ ಲೈಟ್ ಆಫ್ ಇಟ್ಸ್ ಓನ್" ಎಂದು ಒಪ್ಪಿಸುತ್ತಿದ್ದಾಗಲೇ ಅವಳು ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಅಪ್ಪನ ಮನೆಗೆ ವಾಪಸು ಬಂದಿದ್ದಳು. ನನ್ನ ಜಡೆ ಹೆಣೆಯುತ್ತ ಆ ಲೆಸನ್ ಕೇಳಿ, "ಪಾಪ ಚಂದ್ರ, ಅವನೆದುರಿಗೆ ಹಾಗೆ ಹೇಳಬೇಡವೇ" ಎಂದಿದ್ದಳು. ಅಪ್ಪ ಹೋದ ಮೇಲೆ ಮಾಂಬಲಂಗೆ, ನಮ್ಮ ಜೊತೆಗೇ ಬಂದುಬಿಟ್ಟಳು.

ತೊಂಬತ್ತರ ದಶಕದ ಕೊನೆಗೆ ಆ ಮನೆಯನ್ನು ಫ್ಲ್ಯಾಟ್ ಕಟ್ಟುವವರಿಗೆ ಕೊಟ್ಟು ನಾವು ಪೋರೂರಿಗೆ ಹೊರಡುವುದೆಂದಾಯಿತು. ಒಂದು ಮಧ್ಯಾಹ್ನ ಊಟವಾದ ಮೇಲೆ ನನ್ನ ಮಗ ಮುರಳಿ ಮೆಲ್ಲಗೆ ಹೇಳಿದ: "ಶ್ರೀರಂಗದಲ್ಲಿ ವಯಸ್ಸಾದವರಿಗೆ ನಮ್ಮವರದೇ ಹೋಮ್ ಇದೆಯಂತೆ. ದೊಡ್ಡಮ್ಮನಿಗೆ ಅಲ್ಲೇ ಕಂಫರ್ಟಬಲ್. ದಿನಾ ಪೆರುಮಾಳ್ ದರ್ಶನ." ಅಕ್ಕ ಹುಣಸೆಹಣ್ಣಿನ ನಾರು ತೆಗೆಯುತ್ತಲೇ ಇದ್ದಳು. ಅವಳ ಬೆರಳು ಮಾತ್ರ ಒಂದು ಸಲ ನಿಂತು, ಮತ್ತೆ ಹೊರಟಿತು.

ಆ ಸಂಜೆ ಕರೆಂಟ್ ಹೋಗಿ ಎಲ್ಲರೂ ಟೆರೇಸಿಗೆ ಬಂದೆವು. ಮುರಳಿಯ ಮಗಳು ನಂದುಗೆ ಸ್ಕೂಲಿನಲ್ಲಿ ಸೋಲಾರ್ ಸಿಸ್ಟಮ್ ಪಾಠ ನಡೆದಿತ್ತು. ನೀರಿನ ಟ್ಯಾಂಕೇ ಸೂರ್ಯ. ಕುರ್ಚಿಯಲ್ಲಿ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಅವಳಪ್ಪ ಮುರಳಿ ಜೂಪಿಟರ್, "ಗುಂಡು ತಾನೇ!" ಮಂಡಿನೋವಿನ ನಾನು ಶನಿ. ನಂದು ತಾನೇ ಅರ್ತ್. ಕಮಲಕ್ಕನ ಕಡೆ ತಿರುಗಿ ಅಂದಳು: "ದೊಡ್ಡಪಾಟಿ, ನೀಂಗ ಮೂನ್. ನನ್ನನ್ನೇ ಸುತ್ತಬೇಕು, ಓಕೇವಾ?"

"ಚಂದ್ರನೂ ಗ್ರಹ ಕಣೇ. ನವಗ್ರಹದಲ್ಲಿ ಅವನಿಗೇ ಅಂತ ಒಂದು ಪೀಠ ಇದೆ," ಎಂದಳು ಅಕ್ಕ.

"ಇಲ್ಲ ದೊಡ್ಡಪಾಟಿ. ಮೂನ್‌ಗೆ ಸೆಪರೇಟ್ ಪ್ಲೇಸ್ ಕಿಡೆಯಾದು, ಇಲ್ಲವೇ ಇಲ್ಲ."

ಮುರಳಿಯ ಕೈಯ ಪೇಪರು ಬೀಸುವುದನ್ನು ನಿಲ್ಲಿಸಿತು. ಮಗು ಟೀಚರ್‌ನ ಗತ್ತಿನಲ್ಲಿ ಮುಂದುವರಿಸಿತು: "ಅರ್ತ್ ಎಲ್ಲಿ ಹೋದರೂ ಅದು ಕೂಡವೇ, ಜೊತೆಗೇ ಬರಬೇಕು. ಆಮೇಲೆ, ಬ್ಯಾಕ್ ತೋರಿಸಬಾರದು. ಯಾವಾಗಲೂ ಫೇಸ್ ಮಾತ್ರ."

ಹಾಗೆ ನಡೆಯುವುದನ್ನು ಅಕ್ಕನಿಗೆ ಕಲಿಸಬೇಕಾಗಿರಲಿಲ್ಲ. ಗುಡಿಯಲ್ಲಿ ಪೆರುಮಾಳ್ ಸನ್ನಿಧಿಯಿಂದ ಬೆನ್ನು ತಿರುಗಿಸದೆ ಹಿಂದೆ ಹಿಂದೆ ಸರಿದೇ ಹೊರಗೆ ಬರುತ್ತಿದ್ದವಳು ಅವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗುವಿನ ಮುಖದಿಂದ ಕಣ್ಣು ಕೀಳದೆ, ಅಡ್ಡಡ್ಡ ಹೆಜ್ಜೆಯಿಟ್ಟು ಸುತ್ತತೊಡಗಿದಳು. ಕತ್ತಲಾಗುತ್ತಿದ್ದ ಟೆರೇಸಿನಲ್ಲಿ ಮಗು ಟ್ಯಾಂಕಿನ ಸುತ್ತ, ಅಕ್ಕ ಮಗುವಿನ ಸುತ್ತ. ಒಂದು ಸುತ್ತಿನಲ್ಲಿ ಮುರಳಿಯ ಕುರ್ಚಿ ಹತ್ತಿರ ಬಂದಾಗ ನಿಲ್ಲದೆ, ತಿರುಗದೆ ಕೇಳಿದಳು: "ಕೇಳಿಸ್ತೇನೋ ಜೂಪಿಟರ್? ಕೂಡವೇ ಬರಬೇಕಂತೆ."

ಬೆಳಗ್ಗೆ ಮುರಳಿ ಕಾಫಿ ಲೋಟದೊಳಗೆ ನೋಡುತ್ತ, "ಪೋರೂರ್ ಹಾಲಿನಲ್ಲಿ ದೊಡ್ಡಮ್ಮನ ಮಂಚ ಹಿಡಿಯತ್ತಾಮ್ಮಾ?" ಎಂದ.

ಹಿಡಿಯಿತು. ನಂದುವಿನ ರೂಮಿನ ಬಾಗಿಲ ಕಡೆ ಮುಖ ಮಾಡಿ ಅವಳು ಆ ಮಂಚದಲ್ಲಿ ಕೆಲವು ವರ್ಷ ಮಲಗಿದಳು. ಹೋದಾಗಲೂ ಮುಖ ಆ ಕಡೆಗೇ ಇತ್ತು. ಮಾಂಬಲಂ ಮನೆಯ ಜಾಗದಲ್ಲಿ ಈಗ ಫ್ಲ್ಯಾಟುಗಳು. ನಮ್ಮ ಟೆರೇಸಿದ್ದ ಎತ್ತರದಲ್ಲಿ ಯಾರದೋ ಬೆಡ್‌ರೂಮ್. ಅವರ ಮಂಚ, ಬೀರುಗಳನ್ನು ಹಾಯ್ದುಕೊಂಡು ಅವಳು ಅಲ್ಲಿ ಇನ್ನೂ ಸುತ್ತುತ್ತಿರಬಹುದೇ ಎಂದು ಯೋಚಿಸುತ್ತೇನೆ.

ನಂದು ಈಗ ಕಾಲೇಜು. ಮೊನ್ನೆ ಆ ವಾಸನೆಯ ಬೆನ್ನು ಹಿಡಿದು ಮೇಲೆ ಹತ್ತಿದೆ, ಅವಳೂ ಬಂದಳು. ಕೆರೆಯ ಕಡೆಯಿಂದ ಚಂದ್ರ ಏಳುತ್ತಿದ್ದ. "ಪಾಟಿ, ಅದು ನಮ್ಮಿಂದ ದೂರ ಹೋಗ್ತಾ ಇದೆ, ತೆರಿಯುಮಾ? ಉಗುರು ಬೆಳೆಯೋ ಸ್ಪೀಡಿನಲ್ಲಿ." ಮತ್ತೆ ಚಂದ್ರನತ್ತ ನೋಡಿ, "ಆದರೂ ಫೇಸ್ ಈ ಕಡೆಗೇ," ಎಂದಳು.

ಮೆಟ್ಟಿಲಿಳಿಯುವಾಗ ನಾನು ಚಂದ್ರನಿಗೆ ಬೆನ್ನು ತಿರುಗಿಸದೆ, ಕಂಬಿ ಹಿಡಿದು ಹಿಂದೆ ಹಿಂದೆ ಸರಿದೇ ಇಳಿದೆ. ನಂದು ಒಂದು ಮೆಟ್ಟಿಲು ಕೆಳಗೆ ನಿಂತು, ನನ್ನ ಸೊಂಟಕ್ಕೆ ಕೈ ಕೊಟ್ಟಳು.