ಹೆಸರು ಕೊರೆಯುವ ಕದಿರಪ್ಪ

ನಮ್ಮಪ್ಪ ಕದಿರಪ್ಪ ಬಂಗಾರಪೇಟೆ ಬಜಾರಿನ ಪಾತ್ರೆ ಅಂಗಡಿಯ ಜಗಲಿಯಲ್ಲಿ ಕೂತು ಮೂವತ್ತು ವರ್ಷ ಪಾತ್ರೆಗಳಿಗೆ ಹೆಸರು ಕೊರೆದ. ಮದುವೆಗೆ ಕೊಂಡ ಕೊಳಗವಾಗಲಿ, ಗೃಹಪ್ರವೇಶಕ್ಕೆ ಕೊಡುವ ಚೊಂಬಾಗಲಿ, ಅವನ ಕೊರೆಯುವ ಮಿಷನ್ನಿನ ಸೂಜಿ ತಾಗದೆ ಅಂಗಡಿ ಬಿಡುತ್ತಿರಲಿಲ್ಲ. "ಎಸ್ರಿಲ್ದಿರೋ ಪಾತ್ರೆ ಇನ್ನೊಬ್ರ ಮನೆಗೋದ್ರೆ ಓದಂಗೇ" ಎನ್ನುವುದು ಅವನ ವೇದವಾಕ್ಯ. ನಮ್ಮ ಮನೆಯಲ್ಲಿ ಸೌಟಿಗೂ ಹೆಸರಿತ್ತು, ಕೊಡೆಯ ಹಿಡಿಗೂ ಹೆಸರಿತ್ತು. ಹೆಸರಿಲ್ಲದೆ ಉಳಿದದ್ದು ನನ್ನ ಮದುವೆಗೆಂದು ಅಟ್ಟದ ಮೇಲೆ ಕೂಡಿಟ್ಟ ಪಾತ್ರೆಗಳು ಮಾತ್ರ. ಅಳಿಯನ ಹೆಸರು ಗೊತ್ತಾದ ಮೇಲೆ ಕೊರೆಯಬೇಕೆಂದು ಅಪ್ಪ ಕಾದಿದ್ದ.

ನನಗೆ ಮದುವೆಯ ಆತುರವಿರಲಿಲ್ಲ. ತೊಂಬತ್ತೇಳರಲ್ಲಿ ಹಟ ಹಿಡಿದು ಒಂದು ಕಂಪ್ಯೂಟರ್ ತಂದೆ. ಮನೆಯ ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸತೊಡಗಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೀದಿಯವರು ಆಡಿಕೊಂಡರು. ಅಪ್ಪ ಹಾಗೇನೂ ಅನ್ನಲಿಲ್ಲ. "ಒಂದೊರ್ಸ ನಡ್ಸಮ್ಮಾ. ನಿಂತೋದ್ರೆ ಆಮೇಲೆ ನಾ ಯೋಳ್ದಂಗೆ ಕೇಳಿ ಮದ್ವೆ ಆಗ್ಬೇಕು" ಎಂದ. ನಾನೂ ಹೂಂ ಎಂದುಬಿಟ್ಟೆ.

ಸರಿಯಾಗಿ ವರ್ಷ ತುಂಬುವ ವಾರದಲ್ಲೇ ಆ ಹಾಳು ಪೆಟ್ಟಿಗೆ ಕಣ್ಣು ಮುಚ್ಚಿತು. ಅದನ್ನು ಮಾರಿದ್ದ ರಾಬರ್ಟ್‌ಸನ್‌ಪೇಟೆಯ ಅಶ್ವತ್ಥಪ್ಪನವರು ಬಂದು ಬಿಚ್ಚಿ ನೋಡಿ, ಪ್ರೊಸೆಸರ್ ಹೋಗಿದೆ ಎಂದರು. ಕ್ರೀಂ ಬಿಸ್ಕತ್ತಿನಷ್ಟು ಅಗಲದ ಚೌಕ, ಮೇಲೊಂದು ತಗಡು, ಕೆಳಗೆ ಸಾಲು ಸಾಲು ಸಣ್ಣ ಕಾಲು. ಅದನ್ನು ಕಿತ್ತು ನನ್ನ ಕೈಯಲ್ಲಿಟ್ಟು, "ಶನಿವಾರ ಕಂಪನಿಯವರು ನಮ್ಮ ಅಂಗಡಿಗೆ ಬರ್ತಾರೆ. ವಾರಂಟಿಗೆ ಅದೇ ಕಡೇ ದಿನ. ತಪ್ಪಿಸ್ಬೇಡಿ" ಎಂದರು. ಹೊಸದನ್ನು ಕೊಳ್ಳುವ ತಾಕತ್ತು ನಮಗಿರಲಿಲ್ಲ. ಕಂಪನಿ ಬದಲಿಸಿ ಕೊಟ್ಟರೆ ನನ್ನ ಕ್ಲಾಸು ಉಂಟು, ಇಲ್ಲದಿದ್ದರೆ ಇಲ್ಲ.

ಶನಿವಾರ ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿದೆವು. ಅಪ್ಪ ತಾನಾಗಿಯೇ ಹೊರಟು ಬಂದಿದ್ದ. ನನ್ನ ಸೋಲು ನೋಡಲು ಬಂದಿದ್ದಾನೆ ಎಂದುಕೊಂಡು ನಾನು ಉರಿಯುತ್ತಿದ್ದೆ. ದಾರಿಯಲ್ಲಿ ವಾರಂಟಿ ಕಾರ್ಡು ತೆಗೆದು ಅವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಮುರಿದಿರಬಾರದು, ಸುಟ್ಟಿರಬಾರದು, ಗೀಚಿ ಗುರುತು ಮಾಡಿರಬಾರದು, ಮಾಡಿದರೆ ವಾರಂಟಿ ರದ್ದು.

ಅಪ್ಪ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, "ಎಷ್ಟು ಗೀಚಿದ್ರೆ ಗೀಚ್ದಂಗೆ?" ಎಂದು ಕೇಳಿದ.

"ಯಾಕಪ್ಪಾ?"

"ಏನಿಲ್ಲ ಬುಡು, ಸುಮ್ಕೆ ಕೇಳ್ದೆ."

ರಾಬರ್ಟ್‌ಸನ್‌ಪೇಟೆಗೆಂದು ಉರಿಗಾಂನಲ್ಲಿ ಇಳಿಯುವವರೆಗೂ ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಅಂಗಡಿಯಲ್ಲಿ ಕಂಪನಿಯವನು ನಮ್ಮ ಪ್ರೊಸೆಸರ್ ತೆಗೆದುಕೊಂಡು ಒಂದು ತಟ್ಟೆಗೆ ಹಾಕಿದ. ಅದರಲ್ಲಿ ಆಗಲೇ ಅಂಥವೇ ನಾಲ್ಕು ಇದ್ದವು. ತಟ್ಟೆಯೊಂದಿಗೆ ಒಳಗೆ ಹೋದವನು ಅರ್ಧ ಗಂಟೆ ಬಿಟ್ಟು ಬಂದ. ಕೈಯಲ್ಲೊಂದು ಪ್ರೊಸೆಸರ್ ಹಿಡಿದು ನಮ್ಮ ಬಿಲ್ಲು ನೋಡಿದ, ಮತ್ತೆ ಅದನ್ನು ನೋಡಿದ.

"ಬಿಲ್ಲಲ್ಲಿರೋ ನಂಬರೇ ಬೇರೆ, ಇದರ ನಂಬರೇ ಬೇರೆ. ಎಲ್ಲಿಂದಲೋ ಸತ್ತಿರೋದನ್ನ ತಂದು ನಮ್ಮ ಬಿಲ್ ತೋರಿಸಿದ್ರೆ ಆಗಲ್ಲಮ್ಮಾ. ತಿಂಗಳಿಗೆ ಇಂಥ ನಾಲ್ಕು ಜನ ಬರ್ತಾರೆ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಮೈಯೆಲ್ಲ ಉರಿದು ಹೋಯಿತು. ಕಂಪನಿಯವನಾಗಲೇ ರೈಲಿಗೆ ಹೊತ್ತಾಯಿತೆಂದು ಚೀಲ ಕಟ್ಟತೊಡಗಿದ್ದ.

"ಸ್ವಾಮೀ, ಅದು ನಮ್ದಲ್ಲ" ಎಂದ ಅಪ್ಪ. "ನಮ್ದು ಇನ್ನೂ ತಟ್ಟೇಲೈತೆ."

"ಎಲ್ಲಾ ಒಂದೇ ಥರ ಇವೆ. ನಿಮ್ಮದು ಯಾವುದು ಅಂತ ನಿಮಗೆ ಹೇಗೆ ಗೊತ್ತು?"

ಅಪ್ಪ ನನ್ನ ಮುಖ ನೋಡಿದ. ರೈಲಿನಲ್ಲಿ ಅವನು ಕೇಳಿದ ಪ್ರಶ್ನೆಯ ಅರ್ಥ ಆಗ ಹೊಳೆಯಿತು. ಹೇಳಿದರೆ ವಾರಂಟಿ ಹೋಗುತ್ತದೆ, ಹೇಳದಿದ್ದರೆ ಮಾನ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನನಗೆ ಅವನ ಮೇಲೆ ಎಂಥ ಕೋಪ ಬಂತೆಂದರೆ, ಆ ಸೂಜಿಯನ್ನು ಕಿತ್ತು ಚರಂಡಿಗೆ ಎಸೆಯಬೇಕೆನ್ನಿಸಿತು. ಆದರೂ "ಹೇಳಪ್ಪಾ" ಎಂದೆ.

ಅವನು ಜೇಬಿನಿಂದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. "ತಗಡಿನ ಎಡಗಡೆ ಮೂಲೇಲಿ ನೋಡಿ. ನೆನ್ನೆ ಸಾಯಂಕಾಲ ನಾನೇ ಕೊರ್ದಿದೀನಿ. ಕೈ ಬದಲಾಗೋ ವಸ್ತು, ಎಲ್ಲಿ ಕಳ್ದೋಗ್ತದೋ ಅಂತ."

ಕಂಪನಿಯವನು ತಟ್ಟೆ ತಂದು ಒಂದೊಂದನ್ನೇ ಕನ್ನಡಿಯ ಕೆಳಗೆ ಹಿಡಿದ. ಮೂರನೆಯದರಲ್ಲಿ ಅವನ ಕೈ ನಿಂತಿತು. ಸಾಸಿವೆಯಷ್ಟು ಸಣ್ಣ ಅಕ್ಷರಗಳನ್ನು ಕೂಡಿಸಿ ನನ್ನ ಹೆಸರು ಓದಿದ. "ಉಮಾಮಹೇಶ್ವರಿ, ಬಂಗಾರಪೇಟೆ." ಅದರ ನಂಬರು ಬಿಲ್ಲಿಗೆ ಸರಿಹೋಯಿತು. ಅವನು ವಾರಂಟಿ ಕಾರ್ಡಿನಲ್ಲಿ ಗೀಚಿರಬಾರದೆಂಬ ಸಾಲಿನ ಮೇಲೆ ಬೆರಳಿಟ್ಟ.

ಆಗ ನಾನು ಮುಂದೆ ಬಂದೆ. "ಗುರುತಿಲ್ಲದಿದ್ರೆ ನಾವು ಕಳ್ಳರು. ಗುರುತಿದ್ರೆ ವಾರಂಟಿ ಇಲ್ಲ. ಬೆರೆಸಿದ್ದು ನೀವು. ಎರಡರಲ್ಲಿ ಯಾವುದು ಅಂತ ಇವರೆಲ್ಲರ ಮುಂದೆ ಹೇಳಿಬಿಡಿ."

ಕಂಪನಿಯವನು ಅಶ್ವತ್ಥಪ್ಪನವರ ಕಡೆ ನೋಡಿದ. ಅವರು ಕೆಮ್ಮಿ, "ನಂಬರ್ ಮೇಲೆ ಒಂದು ಗೀಟೂ ಬಿದ್ದಿಲ್ಲ ಸಾರ್" ಎಂದರು. ಕಂಪನಿಯವನು ಕನ್ನಡಿಯನ್ನು ಅಪ್ಪನ ಕಡೆ ತಳ್ಳಿ, ಕಾರ್ಡಿಗೆ ಸೀಲು ಹೊಡೆದ. ಹೊಸ ಪ್ರೊಸೆಸರಿನ ಡಬ್ಬಿ ನನ್ನ ಕೈಗೆ ಬಂತು.

ಉರಿಗಾಂ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅಪ್ಪನನ್ನು ಚೆನ್ನಾಗಿ ಬೈದೆ. ಅಪ್ಪ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡ. ಬೈದು ಮುಗಿದ ಮೇಲೆ ಕೇಳಿದೆ, "ಅದಿರ್ಲಿ, ಮನೇಲಿ ಎಲ್ಲಾದಕ್ಕೂ ನಿನ್ನ ಹೆಸರೇ ಕೊರೀತೀಯ. ಇದಕ್ಕೆ ಯಾಕೆ ನನ್ನದು?"

"ವಸ್ತು ಯಾರ್ದೋ ಅವ್ರೆಸ್ರೇ ಅಲ್ವೇನಮ್ಮಾ ಕೊರ್ಯೋದು" ಎಂದ ಅಪ್ಪ.

ಸೋಮವಾರ ಅಶ್ವತ್ಥಪ್ಪನವರು ಹೊಸ ಪ್ರೊಸೆಸರ್ ಕೂಡಿಸಿ ಹೋದ ಮೇಲೆ, ಹುಡುಗಿಯರು ಬಂದು ಟೈಪ್ ಮಾಡುತ್ತಿದ್ದಾಗ ಅಪ್ಪ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿಕೊಂಡು ಮಿಷನ್ನು ಹಚ್ಚಿದ. ಸಂಜೆ ಹೋಗಿ ನೋಡಿದೆ. ಎಲ್ಲದರ ಮೇಲೂ ನನ್ನ ಹೆಸರೊಂದೇ ಇತ್ತು, ಪಕ್ಕದಲ್ಲಿ ಯಾರ ಹೆಸರಿಗೂ ಜಾಗ ಬಿಟ್ಟಿರಲಿಲ್ಲ.