ಬಾಗಿಲ ಹಿಂದಿನ ಸ್ಟೂಲು

ಅವಳನ್ನು ಎಲ್ಲರೂ ಆಯಾ ಎಂದೇ ಕರೆಯುತ್ತಿದ್ದರು. ಹಾಗೆ ನೋಡಿದರೆ ಅವಳು ಯಾರ ಮಗುವನ್ನೂ ಎತ್ತಿ ಆಡಿಸಿದವಳಲ್ಲ. ಆ ಹಳೆಯ ಎರಡಂತಸ್ತಿನ ಮನೆಗೆ ಬಂದದ್ದು ಪಾತ್ರಧಾರಿಗಳ ಬಟ್ಟೆ ಹೊಲಿಯಲು. ಆಯಾ ಪಾತ್ರದ ಹುಡುಗಿ ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋದಾಗ ಆಟ ನಡೆಸುವ ಯಜಮಾನ ಓಡಿ ಬಂದಿದ್ದ. "ನೀವೇ ಹೊಲಿದ ಬಟ್ಟೆ, ನೀವೇ ಹಾಕ್ಕೊಂಡ್ಬಿಡಿ. ಇವತ್ತೊಂದಿನ." ಆ ಇವತ್ತೊಂದಿನ ಎರಡು ವರ್ಷದಿಂದ ಮುಗಿದಿರಲಿಲ್ಲ.

ಮನೆಯಲ್ಲಿ ನಡೆಯುತ್ತಿದ್ದದ್ದು ದೆವ್ವದ ಆಟ. ಟಿಕೆಟ್ ಕೊಂಡವರು ಐದಾರು ಜನ ಸೇರಿ ಒಂದು ಲಾಟೀನು ಹಿಡಿದು ಒಳಗೆ ಬರುತ್ತಾರೆ. ಆಟದ ಕಥೆಯಲ್ಲಿ, ಜ್ವರದಲ್ಲಿ ಮಲಗಿದ್ದ ಪುಟ್ಟ ಹುಡುಗಿಯ ಔಷಧಿಯನ್ನು ಯಾರೋ ಬದಲಿಸಿ ಕೊಂದಿದ್ದಾರೆ. ಅವಳ ದೆವ್ವ ಗೋಡೆಯೊಳಗಿನ ಸ್ಪೀಕರಿನಿಂದ ಅಳುತ್ತದೆ. ಡಾಕ್ಟರು, ಚಿಕ್ಕಪ್ಪ, ಆಯಾ, ಮೂವರೂ ತಮ್ಮ ತಮ್ಮ ಬಾಗಿಲ ಮುಂದೆ ನಿಂತಿರುತ್ತಾರೆ. ಬಂದವರು ತಲೆಗೊಂದು ಪ್ರಶ್ನೆ ಕೇಳಬಹುದು. ಕೊಂದವನು ಬೇಕಾದಷ್ಟು ಸುಳ್ಳು ಹೇಳಬಹುದು. ಉಳಿದ ಇಬ್ಬರು ನಿಜವನ್ನೇ ಹೇಳಬೇಕು, ಅದೂ ಕೇಳಿದಷ್ಟನ್ನು ಮಾತ್ರ. ಕೊನೆಗೆ ಯಾರ ಮೇಲೆ ಗುಮಾನಿಯೋ ಅವರ ಮುಂದೆ ಲಾಟೀನು ಇಡಬೇಕು. ಇಟ್ಟ ಕೂಡಲೇ ಕತ್ತಲಾಗಿ, ದೆವ್ವ ಅವರನ್ನು ಬಾಗಿಲೊಳಕ್ಕೆ ಎಳೆದುಕೊಳ್ಳುತ್ತದೆ.

ಎಳೆದುಕೊಳ್ಳುವುದೆಂದರೆ ಮತ್ತೇನಿಲ್ಲ. ತಾವೇ ಒಂದು ಹೆಜ್ಜೆ ಹಿಂದಕ್ಕಿಟ್ಟು ಬಾಗಿಲು ಹಾಕಿಕೊಳ್ಳುವುದು. ಆಯಾಳ ಬಾಗಿಲ ಹಿಂದೆ ಒಂದು ಪೊರಕೆ, ಒಂದು ಬಕೆಟ್ಟು, ಒಂದು ಮರದ ಸ್ಟೂಲು ಇದ್ದವು.

ಆ ಸ್ಟೂಲಿಗೋಸ್ಕರವೇ ಅವಳು ತಪ್ಪಿತಸ್ಥಳಾಗುತ್ತಿದ್ದಳು. ಆರೋಪದಿಂದ ಪಾರಾದವರು ಕಡಿದಾದ ಮೆಟ್ಟಿಲು ಹತ್ತಿ, ಮಗುವಿನ ಕೋಣೆಯಲ್ಲಿ ಕೊನೆಯ ದೃಶ್ಯ ಮುಗಿಯುವವರೆಗೆ ನಿಂತಿರಬೇಕು. ದಿನಕ್ಕೆ ನಾಲ್ಕು ಆಟ. ಮಧ್ಯಾಹ್ನವಾಗುವಷ್ಟರಲ್ಲಿ ಅವಳ ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. "ಆಗ ನೀನು ಏನು ಮಾಡ್ತಿದ್ದೆ?" ಎಂದು ಯಾರಾದರೂ ಕೇಳಿಯೇ ಕೇಳುವರು. "ನಿದ್ದೆ ಮಾಡ್ತಿದ್ದೆ" ಎಂದು ತಲೆ ತಗ್ಗಿಸಿ ಏಪ್ರನ್ನಿನ ಅಂಚನ್ನು ಹಿಂಡಿದರೆ ಮುಗಿಯಿತು. ಮಗು ಸಾಯ್ತಾ ಇದ್ರೆ ಇವಳು ನಿದ್ದೆ ಹೊಡೀತಿದ್ಲಂತೆ! ಲಾಟೀನು ಅವಳ ಕಾಲ ಬಳಿ ಬಂದು ಕೂರುತ್ತಿತ್ತು, ಅವಳು ಒಳಗೆ ಹೋಗಿ ಕೂರುತ್ತಿದ್ದಳು. ಕತ್ತಲಲ್ಲಿ ಬೆನ್ನು ಗೋಡೆಗೆ ತಾಗಿದಾಗ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮೇಲೆ ದೆವ್ವ "ಅವಳಲ್ಲ, ಅವಳಲ್ಲ" ಎಂದು ಅಳುವುದು ದೂರದ ಯಾರದೋ ಮನೆಯ ರೇಡಿಯೋದಂತೆ ಕೇಳುತ್ತಿತ್ತು.

ಚಿಕ್ಕಪ್ಪನ ಪಾತ್ರದವನು ಮೊದಲು ವಿಮೆ ಮಾರುತ್ತಿದ್ದ ಮನುಷ್ಯ. "ಏನಮ್ಮ, ಕೊಲೆ ಮಾಡಿರೋನು ನಾನು, ಶಿಕ್ಷೆಯ ಸುಖವೆಲ್ಲ ನಿಂಗೆ. ವಾರಕ್ಕೊಂದ್ಸಲನಾದ್ರೂ ನನ್ನನ್ನ ಹಿಡಿದುಕೊಡು, ಪುಣ್ಯ ಬರುತ್ತೆ" ಎಂದು ಮಂಡಿ ಒತ್ತಿಕೊಳ್ಳುತ್ತಿದ್ದ.

ಆದರೆ ತಪ್ಪು ಹಿಡಿದು ಸೋತವರು ಟಿಕೆಟ್ ಕೊಂಡು ಮತ್ತೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಯಜಮಾನ ಅವಳನ್ನು ಪಕ್ಕಕ್ಕೆ ಕರೆದ. ಕಥೆ ಬರೆದವನೂ ಅವನೇ.

"ಆಯಾಮ್ಮ, ನೀವು ಬೇಕಂತ್ಲೇ ಸಿಕ್ಕಿಬೀಳ್ತಿದ್ದೀರ ಅನ್ಸುತ್ತೆ. ನಿಮ್ಮ ಕೈಯಲ್ಲಿ ಒಂದು ಉತ್ತರ ಕೊಟ್ಟಿದ್ದೀನಲ್ಲ, ಇಡೀ ಆಟದ ಕೀಲಿ ಅದು. ಒಬ್ರೂ ಅದನ್ನ ಕೇಳಿಸ್ಕೊಂಡಿಲ್ಲ."

"ಅದಕ್ಕೆ ತಕ್ಕ ಪ್ರಶ್ನೇನೇ ಯಾರೂ ಕೇಳಲ್ವಲ್ಲ, ಸರ್."

"ಕೇಳೋ ಹಾಗೆ ನಿಂತ್ಕೊಳ್ಳಿ. ಇವತ್ತೂ ನಾಲ್ಕಕ್ಕೆ ನಾಲ್ಕು ಆಟ ನಿಮ್ಮ ಬಾಗಿಲಿಗೇ ಬಂದ್ರೆ, ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು. ಗಂಡನಿಗೆ ಗೋದಾಮಿನಲ್ಲಿ ಕೆಲಸವಿದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಈ ಕೆಲಸ ಹೋದರೆ ಮನೆ ನಿಲ್ಲುವುದು ಬಟ್ಟೆ ಅಂಗಡಿಯಲ್ಲಿ ದುಡಿಯುವ ನಾದಿನಿಯೊಬ್ಬಳ ಮೇಲೆ. ಆ ನಾದಿನಿಯ ಬಾಯಿಗೆ ಬೀಗವಿಲ್ಲ.

ಅಂದು ಅವಳು ನೆಟ್ಟಗೆ ನಿಂತಳು. ತಲೆ ಎತ್ತಿ, ಬಂದವರ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಟ್ಟಳು. "ಅಬ್ಬಾ, ಎಷ್ಟು ಧೈರ್ಯ ನೋಡು! ಮಗೂನ ಕೊಂದು ಹೇಗೆ ನಿಂತಿದ್ದಾಳೆ!" ಎಂದರು ಮೊದಲನೆಯವರು. ಎರಡನೆಯ ಆಟದಲ್ಲಿ ತುಸು ಅತ್ತಳು. ಮೊಸಳೆ ಕಣ್ಣೀರು ಎಂದರು. ಮೂರರಲ್ಲಿ ಏನೂ ಮಾಡದೆ ನಿಂತಳು. ಲಾಟೀನು ಮತ್ತೆ ಅವಳ ಕಾಲ ಬಳಿಗೇ ಬಂತು. ಅಂದು ಮೊದಲ ಸಲ ಸ್ಟೂಲು ಅವಳನ್ನು ಚುಚ್ಚಿತು.

ನಾಲ್ಕನೆಯ ಗುಂಪು ಒಳಗೆ ಬಂದಾಗ ಲಾಟೀನು ಹಿಡಿದವಳ ಮುಖ ಕಂಡಿತು. ನಾದಿನಿ! ಬಟ್ಟೆ ಅಂಗಡಿಯ ಗೆಳತಿಯರನ್ನೆಲ್ಲ ಕಟ್ಟಿಕೊಂಡು, ಅಂಗಡಿಗೆ ರಜೆ ಇದ್ದ ದಿನ, ಒಂದು ಮಾತೂ ಹೇಳದೆ ಬಂದಿದ್ದಾಳೆ. ಗುರುತು ತೋರಿಸುವಂತಿಲ್ಲ. ನಾದಿನಿಯೂ ತೋರಿಸಲಿಲ್ಲ, ತುಟಿಯಂಚಿನಲ್ಲಿ ನಗು ಮಾತ್ರ ಕುಣಿಯಿತು.

ಗೆಳತಿಯರು ಡಾಕ್ಟರನ್ನು ಗೋಳುಹೊಯ್ದುಕೊಂಡರು, ಚಿಕ್ಕಪ್ಪನ ಮೀಸೆಗೆ ನಕ್ಕರು. ಒಬ್ಬಳು ಆಯಾಳನ್ನು ಕೇಳಿದಳು, "ಆಗ ನೀನೇನು ಮಾಡ್ತಿದ್ದೆ?"

"ನಿದ್ದೆ ಮಾಡ್ತಿದ್ದೆ."

"ಸಿಕ್ಕಿದಳಲ್ಲ ಕಳ್ಳಿ! ಇಡೇ ದೀಪ ಇಲ್ಲೇ!"

ನಾದಿನಿ ಲಾಟೀನನ್ನು ಇಳಿಸಲಿಲ್ಲ. ಅದನ್ನು ಆಯಾಳ ಮುಖದವರೆಗೆ ಎತ್ತಿ, ಆಮೇಲೆ ನಿಧಾನವಾಗಿ ಕೆಳಗೆ, ಪಾದಗಳವರೆಗೆ ತಂದಳು. ಅಲ್ಲಿ ಸ್ವಲ್ಪ ಹೊತ್ತು ಹಿಡಿದಳು. ಅವಳೂ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವವಳು. ಕೂತರೆ ಮಾಲೀಕ ಕೆಮ್ಮುತ್ತಿದ್ದ.

"ತಡೀರೇ, ನನ್ನ ಪ್ರಶ್ನೆ ಬಾಕಿ ಇದೆ" ಎಂದಳು. "ಆಯಾ, ನಿಂಗೆ ಸುಸ್ತಾಗಿತ್ತಾ?"

ಎರಡು ವರ್ಷದಲ್ಲಿ ಆ ಬಾಗಿಲ ಮುಂದೆ ನಿಂತ ಯಾರೂ ಕೇಳದ ಪ್ರಶ್ನೆ. ಯಜಮಾನ ಕೊಟ್ಟಿದ್ದ ಉತ್ತರ ಬಾಯಿಪಾಠವಾಗಿಯೇ ಇತ್ತು. ಏಪ್ರನ್ನಿನ ಅಂಚನ್ನು ಹಿಂಡಿದ್ದು ಈ ಸಲ ನಟನೆಯಾಗಿರಲಿಲ್ಲ.

"ತುಂಬಾ ಸುಸ್ತಾಗಿತ್ತು" ಎಂದಳು. "ಮೂರು ರಾತ್ರಿ ಮಗು ಪಕ್ಕ ಎದ್ದೇ ಇದ್ದೆ. ಆಮೇಲೆ... ಆಮೇಲೆ ಚಿಕ್ಕಪ್ಪನೋರು ಬಂದು, ನೀನು ಹೋಗಿ ಮಲಕ್ಕೋ, ಔಷಧಿ ನಾನು ಕುಡಿಸ್ತೀನಿ ಅಂದ್ರು."

ಲಾಟೀನು ನಾದಿನಿಯ ಕೈಯಲ್ಲಿ ನಿಧಾನವಾಗಿ ಚಲಿಸಿ ಚಿಕ್ಕಪ್ಪನ ಕಾಲ ಬಳಿ ನಿಂತಿತು. ಕತ್ತಲಾಯಿತು. ಒಳಗೆ ಎಳೆದುಕೊಂಡು ಹೋಗುವಾಗ ಅವನು ಚೀರಿದ ದನಿಯಲ್ಲಿ ಕೂರುವ ಸಂತೋಷ ಅಡಗಿದ್ದು ಆಯಾಳಿಗೆ ಮಾತ್ರ ತಿಳಿಯಿತು.

ಕೆಲಸ ಉಳಿಯಿತು. ಅವಳು ಕಂಬಿ ಹಿಡಿದು, ಗೆದ್ದವರ ಹಿಂದೆ, ಒಂದೊಂದೇ ಮೆಟ್ಟಿಲು ಹತ್ತಿದಳು. ಇನ್ನು ಮೇಲೆ ಇದನ್ನು ದಿನವೂ ಹತ್ತಬೇಕಾದೀತು ಎಂಬುದು ಅರ್ಧ ದಾರಿಯಲ್ಲಿ ಹೊಳೆದು ಒಂದು ಗಳಿಗೆ ನಿಂತಳು. ಮುಂದೆ ಹೋಗುತ್ತಿದ್ದ ನಾದಿನಿಯೂ ನಿಂತಳು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ.

ಬಸ್ಸಿನಲ್ಲಿ ನಾದಿನಿಯ ಬಾಯಿಗೆ ಬಿಡುವಿರಲಿಲ್ಲ. "ನೋಡಿದ್ಯಾ ಅತ್ತಿಗೆ, ಹೇಗೆ ಹಿಡಿದೆ! ನಿನ್ನ ಮೇಲೆ ಕನಿಕರ ಅಂತ ತಿಳ್ಕೋಬೇಡ. ಗೆಲ್ಲಬೇಕಿತ್ತು, ಕೇಳ್ದೆ, ಅಷ್ಟೇ."

"ನಾನೆಲ್ಲಿ ತಿಳ್ಕೊಂಡೆ?"

"ಮುಖ ಹಾಗಿತ್ತು."

ಮನೆಗೆ ಬಂದವಳೇ ನಾದಿನಿ ಎಂದಿನಂತೆ ಒಳಕೋಣೆಗೆ ಹೋಗಿ ಕಾಲು ಚಾಚಿದಳು. ಅತ್ತಿಗೆ ಎಂದಿನಂತೆ ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ಅಕ್ಕಿ ತೊಳೆದಳು. ನೀರು ಕಾಯುವವರೆಗೆ ಕಟ್ಟೆಗೆ ಒರಗಿ ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು ನಿಂತಳು.

"ಅತ್ತಿಗೆ" ಒಳಗಿನಿಂದ ದನಿ ಬಂತು. "ಸುಸ್ತಾಗಿದ್ಯಾ?"

"ಇಲ್ಲ" ಎಂದಳು. ಈ ಮನೆಯಲ್ಲಿ ನಿಜವನ್ನೇ ಹೇಳಬೇಕೆಂಬ ನಿಯಮವೇನೂ ಇರಲಿಲ್ಲವಲ್ಲ.

ಒಳಗೆ ಮಂಚ ಕಿರುಗುಟ್ಟಿತು. ಗೊಣಗಾಟದ ಜೊತೆಗೆ, ನೆಲದ ಮೇಲೆ ಸ್ಟೂಲನ್ನು ಎಳೆದುಕೊಂಡು ಬರುವ ಸದ್ದು ಅಡುಗೆಮನೆಯ ಕಡೆಗೆ ಬರತೊಡಗಿತು.