ತಂಗಿಗೆ ಹೊದಿಸಿದ ಕೋಟು

ಪಾಸ್‌ಪೋರ್ಟ್ ಫೋಟೋ ತೆಗೆಸಲು ಸ್ಟುಡಿಯೋಗೆ ಬರುವ ಗಂಡಸರಿಗೆಲ್ಲ ಕಂಪ್ಯೂಟರಿನಲ್ಲೇ ಕೋಟು ತೊಡಿಸುವವನಿಗೆ ಕೋಟಣ್ಣ ಎಂದಲ್ಲದೆ ಇನ್ನೇನು ಹೆಸರು ಬಿದ್ದೀತು? ಬನಿಯನ್ನಿನಲ್ಲಿ ಬಂದವನೂ ಫೋಟೋದಲ್ಲಿ ಟೈ ಕಟ್ಟಿಕೊಂಡು ಹೊರಬೀಳುತ್ತಿದ್ದ. ಹೆಂಗಸರಿಗೆ ಮಾತ್ರ ಕೋಟಿಲ್ಲ. ಅದು ಮಾಲೀಕರ ಕಟ್ಟಪ್ಪಣೆ. ಕೋಟಣ್ಣ ಕೆಟ್ಟವನೇನಲ್ಲ. ಆದರೆ ಅವನ ಹೊಟ್ಟೆಕಿಚ್ಚಿನ ಮೇಲೆ ಹಂಡೆ ಇಟ್ಟು ನೀರು ಕಾಯಿಸಬಹುದಿತ್ತು, ಆ ಕಿಚ್ಚೆಲ್ಲ ಸ್ವಂತ ತಂಗಿಯ ಮೇಲೆ.

ತಂಗಿ ಬಟ್ಟೆಯಂಗಡಿಯಲ್ಲಿ ಬೊಂಬೆಗಳಿಗೆ ಉಡುಪು ತೊಡಿಸುವವಳು. ಸಂಜೆ ಇಬ್ಬರೂ ಸೇರಿ ಕಂಪ್ಯೂಟರಿನಲ್ಲಿ ಕೊಲಾಜ್ ಮಾಡುತ್ತಿದ್ದರು. ಮನೆಯ ಹಳೇ ಫೋಟೋಗಳಿಂದ ಒಬ್ಬರ ಬಟ್ಟೆ ಕತ್ತರಿಸಿ ಇನ್ನೊಬ್ಬರ ಮೈಗೆ ಅಂಟಿಸುವುದು: ಅಮ್ಮನಿಗೆ ಅಪ್ಪನ ಡ್ರೈವರ್ ಸಮವಸ್ತ್ರ, ಅಪ್ಪನಿಗೆ ಅಮ್ಮನ ಮದುವೆಯ ಉಡುಪು. ಒಂದು ದಿನ ಅವನ ಸರದಿ, ಮರುದಿನ ಅವಳದು. ಒಬ್ಬರು ಅಂಟಿಸಿದ್ದನ್ನು ಇನ್ನೊಬ್ಬರು ಅಳಿಸುವಂತಿಲ್ಲ, ಬೇಕಿದ್ದರೆ ಅದರ ಮೇಲೆ ಇನ್ನೇನಾದರೂ ಹೊದಿಸಬಹುದು. ಇದು ಅವರಿಬ್ಬರ ಕಟ್ಟಳೆ.

ಗ್ರಂಥಾಲಯದ ಮಹಡಿಯಲ್ಲಿ ಆ ಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ಮೊದಲ ದಿನ ಬಂದವರೆಲ್ಲ ತಂಗಿಯನ್ನೇ ಮುತ್ತಿಕೊಂಡರು.

"ನಮ್ಮಣ್ಣಂದೂ ಇದೆ ಇದ್ರಲ್ಲಿ," ಎಂದು ಅವಳು ತೋರಿಸಿದರೆ, "ಓ, ಕಂಪ್ಯೂಟರ್ ಕೆಲಸ ಅವರದಾ?" ಎಂದರು ಗ್ರಂಥಪಾಲಕಿ.

ಕಂಪ್ಯೂಟರ್ ಕೆಲಸವಂತೆ! ಕೋಟಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಇದೇನು ಹೊಸದೇ? ಚಿಕ್ಕಂದಿನಲ್ಲಿ ಇವನ ಹಳೇ ಪ್ಯಾಂಟು ಶರಟು ಹಾಕಿಕೊಂಡು ಅವಳು ಬೀದಿಗಿಳಿದರೆ ಅಪ್ಪ "ನನ್ನ ಹುಲಿಮರಿ" ಎಂದು ಹೆಗಲ ಮೇಲೆ ಹೊರುತ್ತಿದ್ದರು. ಹುಡುಗಿ ಹುಡುಗನ ಬಟ್ಟೆ ಹಾಕಿದರೆ ಊರಿಗೆಲ್ಲ ಮುದ್ದು. ಅದನ್ನೇ ತಿರುವುಮುರುವು ಮಾಡಿ ನೋಡಲಿ!

ಪ್ರದರ್ಶನದ ಕೊನೆಯ ಚಿತ್ರ ಇನ್ನೂ ಮುಗಿದಿರಲಿಲ್ಲ. ಅದರಲ್ಲಿ ಅಣ್ಣ ತಂಗಿ ಅಕ್ಕಪಕ್ಕ ನಿಂತಿದ್ದರು. ತಂಗಿ ತನ್ನ ಮೈಗೆ ಅವನ ಬಾಲ್ಯದ ಪ್ಯಾಂಟು ಶರಟು ಅಂಟಿಸಿ, ಅವನನ್ನು ಬನಿಯನ್ನಿನಲ್ಲೇ ಬಿಟ್ಟಿದ್ದಳು.

"ನಿಂಗೆ ಬೇಕಾದ್ದು ನೀನೇ ಹಾಕ್ಕೊ ಅಣ್ಣ."

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಜನರ ಮೇಲಿನ ಸಿಟ್ಟಿಗೆ ಕೋಟಣ್ಣ ಸ್ಟುಡಿಯೋದ ಮಾಮೂಲಿ ಕರಿ ಕೋಟನ್ನು ತಂದು ತಂಗಿಯನ್ನು ಕುತ್ತಿಗೆಯಿಂದ ಮೊಣಕಾಲಿನವರೆಗೆ ಮುಚ್ಚಿಬಿಟ್ಟ. ತನ್ನ ಬನಿಯನ್ನನ್ನು ಮುಟ್ಟಲಿಲ್ಲ.

ಮರುದಿನ ಆ ಚಿತ್ರ ಗೋಡೆಯ ದೊಡ್ಡ ಪರದೆಗೆ ಬಂತು. ಗ್ರಂಥಪಾಲಕಿ ಬೆರಗಾಗಿ ತಂಗಿಯ ಕೈಹಿಡಿದರು. "ಹೆಣ್ಣು ಹೇಗೆ ಬೆಳೆದ್ರೂ ಯಾರೋ ಬಂದು ಮುಚ್ಚೇ ಮುಚ್ತಾರೆ ಅಂತ ತೋರಿಸಿದ್ರಲ್ಲ! ಭೇಷ್!"

ತಂಗಿ ಕೋಟನ್ನೇ ನೋಡುತ್ತ ನಿಂತಳು. "ಇದು ನಂದಲ್ಲ. ಅಣ್ಣ ಹೊದಿಸಿದ್ದು. ಯಾಕಣ್ಣ?"

ಎಲ್ಲರೂ ಇವನತ್ತ ತಿರುಗಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನಾದರೂ ಹೇಳಬಹುದಿತ್ತು.

"ಹೊಟ್ಟೆಕಿಚ್ಚಿಗೆ," ಎಂದ ಕೋಟಣ್ಣ. "ನೀನು ನನ್ನ ಪ್ಯಾಂಟು ಹಾಕ್ಕೊಂಡ್ರೆ ಹುಲಿಮರಿ. ನಾನು ಒಂದ್ಸಲ, ಒಂದೇ ಒಂದ್ಸಲ ನಿನ್ನ ಹೂವಿನ ಫ್ರಾಕು ಹಾಕ್ಕೊಂಡೆ. ಅಪ್ಪ ಬೆಲ್ಟು ಬಿಚ್ಚಿದ್ರು. ನೀನು ಬಾಗಿಲ ಸಂದೀಲಿ ನಿಂತು ನಗ್ತಿದ್ದೆ. ನನ್ನ ಶರಟು ಹಾಕ್ಕೊಂಡೇ ನಗ್ತಿದ್ದೆ."

ತಂಗಿಯ ಮುಖ ಬಿಳಿಚಿಕೊಂಡಿತು. ಗ್ರಂಥಪಾಲಕಿ ಕಣ್ಣೊರೆಸಿಕೊಂಡು ಅವಳ ಬೆನ್ನು ಸವರಿದರು. "ಇಷ್ಟು ವರ್ಷದ ನೋವನ್ನ ಅಣ್ಣನ ಬಾಯಿಂದ ಹೊರಡಿಸಿದ್ರಲ್ಲಮ್ಮ. ಎಂಥ ತಂಗಿ ನೀವು!"

ಏಟು ತಿಂದವನು ಇವನು, ಬಾಯಿಬಿಟ್ಟವನು ಇವನು, ಶಭಾಸ್‌ಗಿರಿ ಮತ್ತೆ ಅವಳಿಗೆ! ಕೋಟಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ನಾಚಿಕೆಪಡಲೂ ಪುರುಸೊತ್ತಾಗಲಿಲ್ಲ.

"ಆಚೆ ಸರ್ಕೊಳ್ಳೇ," ಎಂದು ತಂಗಿಯನ್ನು ದಾಟಿ ಪರದೆಯ ಕೆಳಗಿದ್ದ ಕಂಪ್ಯೂಟರಿನ ಮುಂದೆ ಕೂತ. ತಂಗಿಯ ಹಳೇ ಫೋಟೋ ತೆಗೆದು, ಅಷ್ಟೂ ಜನರ ಎದುರಿಗೆ ಫ್ರಾಕನ್ನು ಅಂಚು ಹಿಡಿದು ಕತ್ತರಿಸಿದ. ತನ್ನ ಬನಿಯನ್ನಿನ ಮೇಲಿಟ್ಟ. ನಲವತ್ತು ದಾಟಿದ ಎದೆಗೆ ಅದು ಅರ್ಧವೂ ಸಾಲಲಿಲ್ಲ. ಎಳೆದ, ಅಗಲಿಸಿದ, ತೋಳು ಕೂರಿಸಿದ. ಹೂಗಳು ತಟ್ಟೆಯಷ್ಟಗಲವಾದವು. ಅರೆನರೆತ ಮೀಸೆಯ ಕೆಳಗೆ ಪುಟ್ಟ ಕಾಲರು ಸರಿಯಾಗಿ ಕೂತಿತು.

ಯಾರೂ ನಗಲಿಲ್ಲ. ಜನ ತಂಗಿಯನ್ನು ಬಿಟ್ಟು ಒಬ್ಬೊಬ್ಬರಾಗಿ ಅವನ ಕುರ್ಚಿಯ ಸುತ್ತ ಸೇರಿದರು.

"ನಿನಗಿಂತ ನಂಗೇ ಚೆನ್ನಾಗಿ ಒಪ್ಪುತ್ತೆ," ಎಂದ ಕೋಟಣ್ಣ ತಿರುಗಿ ನೋಡದೆ.

ಹಿಂದಿನಿಂದ ತಂಗಿಯ ದನಿ ತುಸು ತಡವಾಗಿ ಬಂತು. "ಒಪ್ಪುತ್ತೆ ಬಿಡು."

ಆ ದನಿಯೊಳಗಿದ್ದ ಕಿಚ್ಚನ್ನು ಅವನಲ್ಲದೆ ಇನ್ನು ಯಾರು ಗುರುತು ಹಿಡಿಯಬೇಕು!